ಹೋಗದ ಊರಿಗೆ ದಾರಿ

(ನಮ್ಮ ಮನೆಯ ವಾಟ್ಸಾಪ್ ಗುಂಪು. ನನ್ನ ಫೋನಿನಲ್ಲಿ ಹೆಚ್ಚಿನವರು ಊರಿನ ಹೆಸರಿನ ಜೊತೆ ಸೇವ್ ಆಗಿದ್ದಾರೆ, ಇಲ್ಲೂ ಹಾಗೇ ಬಿಟ್ಟಿದ್ದೇನೆ. ವರ್ಮಾಂಟ್ ಅಕ್ಕ ಅಮೆರಿಕದಲ್ಲಿರುವ ದೊಡ್ಡಪ್ಪನ ಮಗಳು, ಪುಟ್ಟ ಅವಳ ಮಗ, ರಜೆಗೆ ತಾತನ ಮನೆಗೆ ಬಂದಿದ್ದಾನೆ. ಶುಭೋದಯದ ಹೂವು, ಕೈಮುಗಿಯುವ ಚಿಹ್ನೆಗಳನ್ನು ತೆಗೆದಿದ್ದೇನೆ. ಇಲ್ಲದಿದ್ದರೆ ಓದಿ ಮುಗಿಯುವುದಿಲ್ಲ.)

ಮೈಸೂರು ದೊಡ್ಡಪ್ಪ, ಬೆಳಿಗ್ಗೆ 6:12
ಎಲ್ಲರೂ ಈ ಲಿಂಕ್ ನೋಡಿ. 'ನಾರ್ತ್‌ವೆಸ್ಟ್ ಪ್ಯಾಸೇಜ್' ಅಂತ, 1958ರ ಅಮೆರಿಕನ್ ಸೀರಿಯಲ್. ಎನ್‌ಬಿಸಿ ಚಾನೆಲ್‌ನಲ್ಲಿ ಬರುತ್ತಿತ್ತು. ಆಗಲೇ ಕಲರ್! ನಮ್ಮಲ್ಲಿ ಟೀವಿಯೇ ಇರಲಿಲ್ಲ, ದಿಲ್ಲಿಯಲ್ಲಿ ಶುರುವಾಗಿದ್ದೇ 1959ರ ಸೆಪ್ಟೆಂಬರ್‌ನಲ್ಲಿ. ಕಾಡು, ದೋಣಿ, ಕೋಟೆ, ಬಂದೂಕು. 1750ರ ದಶಕದ ಕಥೆ: ಇಂಗ್ಲಿಷರ ಕಡೆಯ ಮೇಜರ್ ರಾಬರ್ಟ್ ರಾಜರ್ಸ್ ಮತ್ತು ಅವನ ರೇಂಜರ್‌ಗಳು, ಅಂದರೆ ಕಾಡಿನ ಯುದ್ಧದಲ್ಲಿ ಪಳಗಿದ ಸಿಪಾಯಿಗಳು, ಫ್ರೆಂಚರ ವಿರುದ್ಧ, ರೆಡ್ ಇಂಡಿಯನ್ನರ ವಿರುದ್ಧ ಹೋರಾಡುತ್ತಾರೆ. ಅರ್ಧ ಗಂಟೆಯೊಳಗೆ ಒಂದು ಕಂತು ಮುಗಿಯುತ್ತದೆ. ಅತ್ತೆ ಸೊಸೆ ಜಗಳ ಇಲ್ಲ, ಕೆಟ್ಟ ಮಾತಿಲ್ಲ. ಒಟ್ಟು 26 ಕಂತು. ಪುಟ್ಟನಿಗೆ ದಿನಕ್ಕೊಂದು ತೋರಿಸಿದರೆ ರಜೆಗೆ ಸರಿಹೋಗುತ್ತದೆ.

ಸಣ್ಣತ್ತೆ, 6:15
ಅಣ್ಣ, ಮಗು ಇನ್ನೂ ಎದ್ದಿಲ್ಲ. ನೀನಾಗಲೇ ಟೈಮ್‌ಟೇಬಲ್ ಹಾಕಿಬಿಟ್ಟೆ.

ವರ್ಮಾಂಟ್ ಅಕ್ಕ, 6:21
ಅಪ್ಪ, ಇಲ್ಲಿ ರಾತ್ರಿ ಒಂಬತ್ತಾಗುತ್ತಾ ಬಂತು, ಮಲಗುವ ಮುಂಚೆ ಇದು ಕಣ್ಣಿಗೆ ಬಿತ್ತು. ದಯವಿಟ್ಟು ಪುಟ್ಟನನ್ನು ಅದರ ಮುಂದೆ ಕೂರಿಸಿ ನೀವು ಪೇಪರ್ ಓದುತ್ತಾ ಕೂರಬೇಡಿ. ಆ ರಾಜರ್ಸ್‌ಗೆ ಅಷ್ಟು ದೊಡ್ಡ ಹೆಸರು ಬಂದಿದ್ದೇ ಒಂದು ಊರು ಸುಟ್ಟಿದ್ದಕ್ಕೆ.

ಮೈಸೂರು ದೊಡ್ಡಪ್ಪ, 6:24
ಯುದ್ಧ ಅಂದ ಮೇಲೆ ಊರು ಉರಿಯುತ್ತದೆ ಕಣಮ್ಮ. ನಾವು ಚಿಕ್ಕವರಿದ್ದಾಗ ಲಂಕಾದಹನ ಕೇಳಿ ಕೆಟ್ಟೆವಾ?

ವರ್ಮಾಂಟ್ ಅಕ್ಕ, 6:33
ಲಂಕೆಯಲ್ಲಿ ಯಾರಿದ್ದರು, ಅವರ ಹೆಸರೇನು, ಯಾರು ಒಳ್ಳೆಯವರು ಯಾರು ಕೆಟ್ಟವರು ಅಂತ ನೀವು ಒಂದು ರಾತ್ರಿಯಿಡೀ ಹೇಳಬಲ್ಲಿರಿ ಅಪ್ಪ. ಈ ಸೀರಿಯಲ್ ನೋಡಿ ಆ ಊರಿನವರ ಬಗ್ಗೆ ಎರಡು ಮಾತು ಹೇಳಿ ನೋಡೋಣ. ಅದೇ ನನ್ನ ತಕರಾರು.
ಆ ಊರಿನ ಹೆಸರು ಒಡಾನಾಕ್. ಇಂಗ್ಲಿಷರು ಸೇಂಟ್ ಫ್ರಾನ್ಸಿಸ್ ಅನ್ನುತ್ತಿದ್ದರು. ಅಲ್ಲಿದ್ದವರು ಅಬೆನಾಕಿ ಜನ, 'ರೆಡ್ ಇಂಡಿಯನ್' ಅಂತ ಇಲ್ಲಿ ಈಗ ಯಾರೂ ಅನ್ನುವುದಿಲ್ಲ. ಅವರಲ್ಲಿ ಎಷ್ಟೋ ಜನ ಫ್ರೆಂಚರ ಕಡೆ ಸೇರಿ ಇಂಗ್ಲಿಷರ ಹಳ್ಳಿಗಳ ಮೇಲೆ ದಾಳಿ ಮಾಡಿದ್ದರು, ಅದೂ ನಿಜ, ನಾನೇನೂ ಮುಚ್ಚಿಡುತ್ತಿಲ್ಲ. ಬ್ರಿಟಿಷ್ ಸೇನಾಪತಿ ಜನರಲ್ ಆಮ್ಹರ್ಸ್ಟ್ ಹೇಳಿ ಕಳಿಸಿದ. ರಾಜರ್ಸ್ ಸುಮಾರು 200 ಜನರೊಂದಿಗೆ ಕ್ರೌನ್ ಪಾಯಿಂಟ್‌ನಿಂದ ಹೊರಟ. 1759ರ ಅಕ್ಟೋಬರ್ 4ರ ಬೆಳಗಿನ ಜಾವ, ಊರು ಮಲಗಿದ್ದಾಗ ನುಗ್ಗಿ ಮನೆಗಳಿಗೆ ಬೆಂಕಿ ಹಾಕಿದರು. ಕಡಿಮೆ ಅಂದರೂ 200 ಜನರನ್ನು ಕೊಂದೆವು ಅಂತ ಅವನು ವರದಿ ಕೊಟ್ಟ. ಫ್ರೆಂಚರ ದಾಖಲೆಯಲ್ಲಿ ಇರುವುದು ಸುಮಾರು 30, ಅದರಲ್ಲಿ 20 ಜನ ಹೆಂಗಸರು ಮಕ್ಕಳು.

ಹಾಸನ ಚಿಕ್ಕಪ್ಪ, 6:40
200 ಎಲ್ಲಿ, 30 ಎಲ್ಲಿ! ಇದು ನಮ್ಮ ರಾಜಕಾರಣಿಗಳು ಸಮಾವೇಶಕ್ಕೆ ಬಂದ ಜನರ ಲೆಕ್ಕ ಹೇಳಿದ ಹಾಗಾಯಿತು.

ವರ್ಮಾಂಟ್ ಅಕ್ಕ, 6:44
ಚಿಕ್ಕಪ್ಪ, ಇನ್ನೊಂದು ಇದೆ. ಅಬೆನಾಕಿ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ. ಹಿಂದಿನ ರಾತ್ರಿ ಊರಿನಲ್ಲಿ ಕುಣಿತ ನಡೆಯುತ್ತಿತ್ತಂತೆ. ಕತ್ತಲಲ್ಲಿ ಯಾರೋ ಅಪರಿಚಿತ ಬಂದು, ನಾಳೆ ನಿಮ್ಮ ಮೇಲೆ ಬೀಳುತ್ತಾರೆ ಅಂತ ಎಚ್ಚರಿಸಿದನಂತೆ. ರಾಜರ್ಸ್ ಜೊತೆಗೇ ಬಂದಿದ್ದ ಒಬ್ಬ ಮೂಲನಿವಾಸಿ ಅವನು. ನಂಬಿದವರು ಮಕ್ಕಳನ್ನು ಎತ್ತಿಕೊಂಡು ಹೋಗಿ ಅಡಗಿದರು, ನಂಬದವರು ಉಳಿದರು. ಅಪ್ಪನಿಗೆ ಸಾಹಸದ ಕಥೆ ಬೇಕು ಅಲ್ವಾ? ಆ ಮನುಷ್ಯನ ಮೇಲೆ ಒಂದು ಕಂತು ಇದ್ದಿದ್ದರೆ ನಾನೇ ಪುಟ್ಟನನ್ನು ಎಬ್ಬಿಸಿ ಕೂರಿಸುತ್ತಿದ್ದೆ.

ಮೈಸೂರು ದೊಡ್ಡಪ್ಪ, 6:52
ಸರಿ ತಾಯಿ. ಆದರೆ ಆ ರಾಜರ್ಸ್ ಬರೆದ ನಿಯಮಗಳನ್ನು ಅಮೆರಿಕದ ಸೈನ್ಯ ಇವತ್ತಿಗೂ ರೇಂಜರ್‌ಗಳಿಗೆ ಕೊಡುತ್ತದೆ. ನಾನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. 'ಏನನ್ನೂ ಮರೆಯಬೇಡ' ಅಂತ ಮೊದಲನೆಯದು. ಹುಡುಗ ಅದನ್ನು ಕಲಿತರೆ ಸಾಕು, ದಿನಾ ನೀರಿನ ಬಾಟ್ಲಿ ಎಲ್ಲೋ ಬಿಟ್ಟು ಬರುತ್ತಾನೆ.

ನಾನು, 7:05
ದೊಡ್ಡಪ್ಪ, ತಪ್ಪು ತಿಳಿಯಬೇಡಿ, ನಿಮ್ಮ ಪ್ರಿಂಟ್ ರಾಜರ್ಸ್ ಬರೆದಿದ್ದಲ್ಲ. ಅವನು 1757ರಲ್ಲಿ ಬರೆದ ನಿಯಮಗಳು 28, ಉದ್ದುದ್ದ ವಾಕ್ಯಗಳು. ಹೋದ ದಾರಿಯಲ್ಲೇ ವಾಪಸ್ ಬರಬೇಡಿ, ಬೆಳಗಾಗುವ ಹೊತ್ತಿಗೆ ಎಲ್ಲರೂ ಎದ್ದಿರಿ, ಶತ್ರು ಬೀಳುವುದು ಆಗಲೇ, ಈ ತರಹ. ನೀವು ಹೇಳುವ ಚುಟುಕು ಪಟ್ಟಿ ಕೆನೆತ್ ರಾಬರ್ಟ್ಸ್ 1937ರಲ್ಲಿ ಬರೆದ ಕಾದಂಬರಿಯದು. ಒಂದು ಪಾತ್ರದ ಬಾಯಲ್ಲಿ ಬರುತ್ತದೆ. ಸೈನ್ಯದ ಕೈಪಿಡಿಗೂ ಅದೇ ಹೋಯಿತು. ಸೀರಿಯಲ್ಲಿಗೂ ಆ ಕಾದಂಬರಿಯೇ ಮೂಲ.

ಮೈಸೂರು ದೊಡ್ಡಪ್ಪ, 7:07
ಲ್ಯಾಮಿನೇಟ್ ಮಾಡಿಸಿದ್ದೇನೆ ಮಾರಾಯ. 40 ರೂಪಾಯಿ ಕೊಟ್ಟು.

ಸಣ್ಣತ್ತೆ, 7:08
ಬಿಸಿ ಪಾತ್ರೆ ಕೆಳಗೆ ಇಡಲು ಆಗುತ್ತದೆ ಬಿಡು ಅಣ್ಣ.

ಹಾಸನ ಚಿಕ್ಕಪ್ಪ, 7:20
ಊರು ಸುಟ್ಟ ವಿಷಯ ಪಕ್ಕಕ್ಕಿಡಿ. ನನಗೆ ಬೇರೆ ಪ್ರಶ್ನೆ. ಇಷ್ಟು ಚೆನ್ನಾಗಿದ್ದರೆ ಬರೀ 26 ಕಂತಿಗೆ ಯಾಕೆ ನಿಂತಿತು? 1958ರ ಸೆಪ್ಟೆಂಬರ್‌ನಲ್ಲಿ ಶುರು, ಮುಂದಿನ ಮಾರ್ಚ್‌ಗೆ ಬಂದ್.

ಮೈಸೂರು ದೊಡ್ಡಪ್ಪ, 7:31
ಅದಕ್ಕೆ ಕಾರಣ ನನಗೆ ಗೊತ್ತು. ಭಾನುವಾರ ಸಂಜೆ ಏಳೂವರೆಗೆ ಹಾಕಿದರು. ಅದೇ ಹೊತ್ತಿಗೆ ಎಬಿಸಿ ಚಾನೆಲ್‌ನಲ್ಲಿ 'ಮ್ಯಾವರಿಕ್' ಎಂಬ ಕೌಬಾಯ್ ಸೀರಿಯಲ್. ಜೇಮ್ಸ್ ಗಾರ್ನರ್ ಇಸ್ಪೀಟು ಆಡುತ್ತಾ ನಗುತ್ತಾ ಬಂದರೆ ಯಾರು ತಾನೆ ಈ ಕಡೆ ತಿರುಗುತ್ತಾರೆ? ಆ ವರ್ಷದ ಮೊದಲ ಹತ್ತು ಕಾರ್ಯಕ್ರಮಗಳಲ್ಲಿ ಏಳು ಕೌಬಾಯ್ ಕಥೆಗಳು, 'ಮ್ಯಾವರಿಕ್' ಆರನೇ ಜಾಗದಲ್ಲಿತ್ತು. ಸೀರಿಯಲ್‌ನದ್ದು ತಪ್ಪಲ್ಲ, ಹೊತ್ತಿನದ್ದು ತಪ್ಪು. ಆಮೇಲೆ ದಿನ ಬದಲಾಯಿಸಿ ನೋಡಿದರು, ಅಷ್ಟರಲ್ಲಿ ಕಥೆ ಮುಗಿದಿತ್ತು.

ಹಾಸನ ಚಿಕ್ಕಪ್ಪ, 7:38
ಅಣ್ಣ, ಬಂದೂಕಿನದ್ದೂ ತಪ್ಪಿದೆ. ಕೌಬಾಯ್ ಕೈಯಲ್ಲಿ ರಿವಾಲ್ವರ್, ಆರು ಗುಂಡು, ಡಂ ಡಂ ಡಂ. ರಾಜರ್ಸ್ ಕಾಲ ಅದಕ್ಕಿಂತ ನೂರು ವರ್ಷ ಹಿಂದೆ. ಮದ್ದು ಗುಂಡು ಸುತ್ತಿದ ಕಾಗದದ ತುದಿ ಹಲ್ಲಲ್ಲಿ ಹರಿದು, ಮದ್ದು ಸುರಿದು, ಗುಂಡು ಹಾಕಿ, ಸರಳಿನಿಂದ ತುರುಕಿ ಹೊಡೆಯಬೇಕು. ಪಳಗಿದ ಸಿಪಾಯಿಗೂ ನಿಮಿಷಕ್ಕೆ ಮೂರು ಏಟು ಆದರೆ ದೊಡ್ಡದು. ಅರ್ಧ ಗಂಟೆಯ ಕಂತಿನಲ್ಲಿ ಅದನ್ನು ತೋರಿಸಿದರೆ ಜಾಹೀರಾತು ಬಂದುಬಿಡುತ್ತದೆ.

ನಾನು, 7:52
ಚಿಕ್ಕಪ್ಪ ಹೇಳಿದ್ದು ಸರಿ ಇದೆ, ಆದರೆ ನನಗೆ ಕಾಣುವುದು ಹೆಸರಿನಲ್ಲೇ ಇರುವ ಮೋಸ. 'ನಾರ್ತ್‌ವೆಸ್ಟ್ ಪ್ಯಾಸೇಜ್' ಅಂದರೆ ಅಮೆರಿಕ ಖಂಡದ ಉತ್ತರದಿಂದ ಪೆಸಿಫಿಕ್‌ಗೆ ಹೋಗುವ ನೀರಿನ ದಾರಿ, ನೂರಾರು ವರ್ಷ ಹುಡುಕಿದ್ದು. 26 ಕಂತು ನೋಡಿದರೂ ಅವರು ಆ ದಾರಿಯ ಹತ್ತಿರ ಸುಳಿಯುವುದಿಲ್ಲ. 1940ರಲ್ಲಿ ನಟ ಸ್ಪೆನ್ಸರ್ ಟ್ರೇಸಿ ಮಾಡಿದ ಇದೇ ಹೆಸರಿನ ಸಿನಿಮಾದ ಹಣೆಬರಹವೂ ಇದೇ, ಕಾದಂಬರಿಯ ಮೊದಲ ಭಾಗಕ್ಕೇ ನಿಂತುಹೋಯಿತು. ಹೋಗದ ಊರಿಗೆ ದಾರಿ ಕೇಳಿದ ಹಾಗೆ. ವಾರ ವಾರ ಅದೇ ಕೋಟೆಯಿಂದ ಹೊರಡುವುದು, ಅದೇ ಕೋಟೆಗೆ ವಾಪಸ್. ಜಾಕ್ ಟೂರ್ನರ್‌ನಂಥ ಒಳ್ಳೆಯ ನಿರ್ದೇಶಕ ಎಷ್ಟೋ ಕಂತು ಮಾಡಿದ್ದಾನೆ, ಅವನಿಂದಲೂ ಆಗಲಿಲ್ಲ.
ಆದರೂ ಸೀರಿಯಲ್ ತೆಗೆದ ಎಂಜಿಎಂ ಸ್ಟುಡಿಯೋದವರು ನಷ್ಟ ಮಾಡಿಕೊಳ್ಳುವವರಲ್ಲ. ಕಂತುಗಳನ್ನು ಅಲ್ಲಲ್ಲಿ ಕತ್ತರಿಸಿ, ಹೊಲಿದು, ಮೂರು ಸಿನಿಮಾ ಮಾಡಿ ಬಿಟ್ಟರು. ಉಳಿದ ಅನ್ನಕ್ಕೆ ಒಗ್ಗರಣೆ.

ಸಣ್ಣತ್ತೆ, 7:55
ಚಿತ್ರಾನ್ನಕ್ಕೆ ಯಾಕೋ ಹೋಲಿಸುತ್ತೀಯ, ಅದು ಒಳ್ಳೆ ತಿಂಡಿ.

ವರ್ಮಾಂಟ್ ಅಕ್ಕ, 8:10
ನಿದ್ದೆ ಹೋಯಿತು, ಈಗ ಪೂರ್ತಿ ಹೇಳಿಬಿಡುತ್ತೇನೆ. ನಾನು ಪುಟ್ಟನಿಗೆ ತೋರಿಸಬೇಡಿ ಅಂದಿದ್ದು ಅದು ಕ್ರೂರವಾಗಿದೆ ಅಂತಲ್ಲ. ಅದು ಸಪ್ಪೆ ಅಂತ. ರಾಜರ್ಸ್‌ನನ್ನು ಅಷ್ಟು ತೊಳೆದು ಇಸ್ತ್ರಿ ಮಾಡಿ ಇಟ್ಟರೆ ಏನು ಉಳಿಯುತ್ತದೆ? ನಿಜವಾದವನ ಕಥೆ ಕೇಳಿ. 1755ರಲ್ಲಿ ಖೋಟಾ ನೋಟಿನ ಕೇಸಿನಲ್ಲಿ ಸಿಕ್ಕಿಬಿದ್ದ. ಸೈನ್ಯಕ್ಕೆ ಸೇರಿದ್ದರಿಂದ ಬಚಾವಾದ. ಸೀರಿಯಲ್‌ನಲ್ಲಿ ಖೋಟಾ ನೋಟಿನವರ ಹೆಸರಲ್ಲೇ ಒಂದು ಕಂತು ಇದೆ, ಬರೆದವರು ಒಳಗೊಳಗೇ ನಕ್ಕರೋ ಏನೋ! ಯುದ್ಧ ಮುಗಿದ ಮೇಲೆ ಸಾಲದಲ್ಲಿ ಮುಳುಗಿದ. ಆ ವಾಯವ್ಯ ದಾರಿ ಹುಡುಕಲು ದುಡ್ಡು ಕೊಡಿ ಅಂತ ಲಂಡನ್‌ಗೆ ಹೋಗಿ ಕೇಳಿದ. 1766ರಲ್ಲಿ ಮಿಷಿಲಿಮ್ಯಾಕಿನಾಕ್ ಕೋಟೆಯ ಅಧಿಕಾರ ಸಿಕ್ಕಿತು. ಮುಂದಿನ ವರ್ಷವೇ ರಾಜದ್ರೋಹದ ಆರೋಪದಲ್ಲಿ ಸೆರೆ, 1768ರಲ್ಲಿ ಖುಲಾಸೆ. ಆಮೇಲೆ ಸಾಲಗಾರರ ಜೈಲು, ಕುಡಿತ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಬಂದಾಗ ಬ್ರಿಟಿಷರ ಕಡೆ ಸೇರಿ, 1776ರಲ್ಲಿ ನೇಥನ್ ಹೇಲ್ ಎಂಬ ಗೂಢಚಾರನಿಗೆ ಸ್ನೇಹಿತನ ಹಾಗೆ ನಟಿಸಿ ಹಿಡಿದ. ಆ ಹೇಲ್ ಇಲ್ಲಿ ದೊಡ್ಡ ಹುತಾತ್ಮ! 1795ರಲ್ಲಿ ಲಂಡನ್‌ನಲ್ಲಿ ಬರಿಗೈಯಲ್ಲಿ ಸತ್ತ.
ಹೇಳಿ ಅಪ್ಪ, ಈ ಮನುಷ್ಯ 'ಮ್ಯಾವರಿಕ್'ಗೆ ಸೋಲುತ್ತಿದ್ದನಾ?

ಮೈಸೂರು ದೊಡ್ಡಪ್ಪ, 8:14
ಇದನ್ನು 1958ರಲ್ಲಿ ಮಕ್ಕಳ ಹೊತ್ತಿನಲ್ಲಿ ತೋರಿಸಲು ಯಾರು ಬಿಡುತ್ತಿದ್ದರು? ನೀನು ಆ ಕಾಲದವರನ್ನು ಈ ಕಾಲದ ತಕ್ಕಡಿಯಲ್ಲಿ ತೂಗುತ್ತಿದ್ದೀಯ.

ವರ್ಮಾಂಟ್ ಅಕ್ಕ, 8:19
ಸಂಖ್ಯೆಗಳನ್ನು ನಾನು ತಂದಿದ್ದು ಆ ಕಾಲದ ದಾಖಲೆಯಿಂದಲೇ ಅಪ್ಪ. ತಕ್ಕಡಿ ಅವರದ್ದೇ.

ಹಾಸನ ಚಿಕ್ಕಪ್ಪ, 8:27
ನಮ್ಮ ಕಡೆಯ ಸಂಬಂಧ ಯಾರಿಗೂ ನೆನಪಾಗಲಿಲ್ಲ. ಅಮೆರಿಕದ ಆ ಕಾಡಿನ ಜಗಳ, ಇಲ್ಲಿ ತಮಿಳುನಾಡಿನ ವಾಂಡಿವಾಶ್‌ನಲ್ಲಿ 1760ರ ಜನವರಿಯಲ್ಲಿ ಫ್ರೆಂಚರು ಸೋತಿದ್ದು, ಎರಡೂ ಬ್ರಿಟಿಷರಿಗೂ ಫ್ರೆಂಚರಿಗೂ ನಡೆದ ಒಂದೇ ದೊಡ್ಡ ಯುದ್ಧದ ಎರಡು ತುದಿ. ಆಮೇಲೆ ಅಮೆರಿಕದಲ್ಲಿ ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಕಾದಾಡಿದ ಒಂದು ಹಡಗಿಗೆ 'ಹೈದರ್ ಅಲಿ' ಅಂತಲೇ ಹೆಸರಿಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಅದು 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಹಿಡಿಯಿತು. ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಹತ್ತು ವರ್ಷಕ್ಕೆ ಬೆಂಗಳೂರು ಕೋಟೆ ಹಿಡಿದ. ಅಣ್ಣ, ಸೀರಿಯಲ್ ಮಾಡಿದರೆ ಇದನ್ನು ಮಾಡಬೇಕು.

ವರ್ಮಾಂಟ್ ಅಕ್ಕ, 8:33
ಚಿಕ್ಕಪ್ಪ, ನೀವು ಆ ಕಾಲಕ್ಕೆ ಕಾಲಿಟ್ಟಿರಿ ಅಂತ ಕೇಳುತ್ತೇನೆ. ಕಾರ್ನ್‌ವಾಲಿಸ್ ಜೊತೆ ಸೇರಿದ್ದ ಮರಾಠರ ಕುದುರೆ ಪಡೆ 1791ರಲ್ಲಿ ಶೃಂಗೇರಿ ಮಠ ಲೂಟಿ ಮಾಡಿತು. ಶಾರದೆಯ ಮೂರ್ತಿಯನ್ನು ಕಿತ್ತಿಟ್ಟರು. ಒಡಾನಾಕ್‌ನಲ್ಲೂ ರೇಂಜರ್‌ಗಳು ಚರ್ಚಿನಿಂದ ಮೇರಿಯ ಬೆಳ್ಳಿ ಮೂರ್ತಿ ಹೊತ್ತುಕೊಂಡು ಹೋದರು. ಈಗ ಯಾರೋ ಆ ಕುದುರೆಯವರನ್ನು ಹೀರೋ ಮಾಡಿ, ಶೃಂಗೇರಿಯವರನ್ನು ಬರೀ ಹಿಂದೆ ಓಡುವ ನೆರಳುಗಳ ಹಾಗೆ ತೋರಿಸಿ 26 ಕಂತು ಮಾಡಿದರೆ ಅಪ್ಪ ಪುಟ್ಟನಿಗೆ ತೋರಿಸುತ್ತಿದ್ದರಾ?

ಸಣ್ಣತ್ತೆ, 8:34
ಇನ್ನು ಮುಂದಿನ ಮೆಸೇಜ್‌ನಲ್ಲಿ ಟಿಪ್ಪು ಬರುತ್ತಾನೆ. ಹೋದ ನವೆಂಬರ್‌ನಲ್ಲಿ ಇಬ್ಬರು ಗ್ರೂಪ್ ಬಿಟ್ಟು ಹೋಗಿದ್ದು ನೆನಪಿದೆಯಾ? ನಾನು ಅಡ್ಮಿನ್, ಹೇಳುತ್ತಿದ್ದೇನೆ, ಬೇಡ.

ಮೈಸೂರು ದೊಡ್ಡಪ್ಪ, 8:51
ಟಿಪ್ಪು ತರುವುದಿಲ್ಲ.
ಶೃಂಗೇರಿ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ಆದರೆ ಸೀರಿಯಲ್ ಪೂರ್ತಿ ಕೆಟ್ಟದ್ದು ಅಂತ ಒಪ್ಪುವುದೂ ಇಲ್ಲ. ಬಡಿ ಎಬ್ಸನ್ ಎಷ್ಟು ಚೆನ್ನಾಗಿ ಮಾಡಿದ್ದಾನೆ! ಆ ಹಂಕ್ ಮ್ಯಾರಿನರ್ ಪಾತ್ರ. ನಮ್ಮ ಊರಿನ ಹಳೇ ಶಾನುಭೋಗರ ಹಾಗೆ, ನಿಧಾನಕ್ಕೆ ಮಾತಾಡಿ ಎಲ್ಲರನ್ನೂ ಬೀಳಿಸುತ್ತಾನೆ.

ನಾನು, 8:58
ಎಬ್ಸನ್ ವಿಷಯದಲ್ಲಿ ನಾನು ನಿಮ್ಮ ಕಡೆ ದೊಡ್ಡಪ್ಪ. 'ವಿಝರ್ಡ್ ಆಫ್ ಆಝ್' ಸಿನಿಮಾದಲ್ಲಿ ತಗಡಿನ ಮನುಷ್ಯ ಅವನೇ ಆಗಬೇಕಿತ್ತು. ಮುಖಕ್ಕೆ ಹಚ್ಚಿದ ಅಲ್ಯುಮಿನಿಯಂ ಪುಡಿ ಉಸಿರಿಗೆ ಹೋಗಿ ಆಸ್ಪತ್ರೆ ಸೇರಿದ, ಪಾತ್ರ ಕೈತಪ್ಪಿತು. ಈ ಸೀರಿಯಲ್ಲೂ ಮುಳುಗಿತು. 1962ರಲ್ಲಿ 'ಬೆವರ್ಲಿ ಹಿಲ್‌ಬಿಲ್ಲೀಸ್' ಸಿಕ್ಕಿ ಮನೆಮಾತಾದ. ಇನ್ನು ರಾಜರ್ಸ್ ಆದ ಕೀತ್ ಲಾರ್ಸನ್, ಇದಕ್ಕೆ ಮೂರು ವರ್ಷ ಮುಂಚೆ 'ಬ್ರೇವ್ ಈಗಲ್' ಎಂಬ ಸೀರಿಯಲ್‌ನಲ್ಲಿ ಶಯೆನ್ ಎಂಬ ಮೂಲನಿವಾಸಿ ಜನರ ನಾಯಕನಾಗಿದ್ದ. ಅಂದರೆ ಅದೇ ಮನುಷ್ಯ, ಅಲ್ಲಿ ಆ ಕಡೆ, ಇಲ್ಲಿ ಈ ಕಡೆ. ಅಕ್ಕ, ಇದು ನಿನಗೆ.

ವರ್ಮಾಂಟ್ ಅಕ್ಕ, 9:01
ಸಂಬಳ ಬಂದರಾಯಿತು, ಬಿಡು.

ಸಣ್ಣತ್ತೆ, 9:40
ವರದಿ. ಪುಟ್ಟ ಎದ್ದ, ದೋಸೆ ತಿಂದ, ತಾತನ ಜೊತೆ ಒಂದು ಕಂತು ನೋಡಿದ. ಹತ್ತು ನಿಮಿಷಕ್ಕೆ "ಕೋಟೆ ನಂಬರ್ ಫೋರ್ ಯಾವಾಗ ಬರುತ್ತದೆ" ಅಂತ ಶುರು ಮಾಡಿದ. ಶಾಲೆಯಿಂದ ಅಲ್ಲಿಗೆ ಕರೆದುಕೊಂಡು ಹೋಗಿದ್ದರಂತೆ.

ವರ್ಮಾಂಟ್ ಅಕ್ಕ, 9:44
ಅಪ್ಪ, ನೀವೂ ಬಂದಿದ್ದಿರಲ್ಲ, ಕನೆಕ್ಟಿಕಟ್ ನದಿ ದಾಟಿ ನ್ಯೂಹ್ಯಾಂಪ್‌ಶೈರ್ ಕಡೆ, ಮರದ ದಿಮ್ಮಿಗಳ ಕೋಟೆ, ನಿಮಗೆ ಕಾಲು ನೋವು ಅಂತ ಕಾರಿನಲ್ಲೇ ಕೂತಿರಿ. ಊರು ಸುಟ್ಟು ವಾಪಸ್ ಬರುವಾಗ ರೇಂಜರ್‌ಗಳಿಗೆ ತಿನ್ನಲು ಏನೂ ಇರಲಿಲ್ಲ, ತೊಗಲು, ಬೇರು ಅಗಿದರು, ಸತ್ತವರ ಮಾಂಸ ತಿಂದರು ಅಂತಲೂ ಇದೆ. ಊಟ ತಂದು ಕಾಯಬೇಕಿದ್ದ ಅಧಿಕಾರಿ ಕಾದು ಸಾಕಾಗಿ ಹೊರಟುಹೋಗಿದ್ದ, ಕೆಲವೇ ಗಂಟೆ ಮುಂಚೆ. ಅವನು ಹಾಕಿದ ಬೆಂಕಿ ಇನ್ನೂ ಉರಿಯುತ್ತಿತ್ತಂತೆ. ಆಮೇಲೆ ರಾಜರ್ಸ್ ತೆಪ್ಪ ಕಟ್ಟಿಕೊಂಡು ನದಿಯಲ್ಲಿ ಕೋಟೆ ನಂಬರ್ ಫೋರ್‌ಗೆ ಬಂದು, ಉಳಿದವರಿಗೆ ಊಟ ಕಳಿಸಿದ. ಪುಟ್ಟನಿಗೆ ಇದೆಲ್ಲ ಗೊತ್ತು. ಮಾಂಸದ ವಿಷಯ ಬಿಟ್ಟು.

ಸಣ್ಣತ್ತೆ, 9:45
ಈಗ ಅದೂ ಗೊತ್ತು. ನನ್ನ ಫೋನು ಅವನ ಕೈಯಲ್ಲೇ ಇದೆ.

ಮೈಸೂರು ದೊಡ್ಡಪ್ಪ, 10:15
ಮಗಳೇ, ಆ ಒಡಾನಾಕ್ ಈಗ ಇದೆಯಾ?

ವರ್ಮಾಂಟ್ ಅಕ್ಕ, 10:17
ಇದೆ ಅಪ್ಪ. ಕ್ವಿಬೆಕ್‌ನಲ್ಲಿ, ಅದೇ ನದಿ ದಂಡೆಯಲ್ಲಿ. ಅಬೆನಾಕಿಗಳೇ ಇದ್ದಾರೆ, ಮ್ಯೂಸಿಯಂ ಕೂಡ ಇದೆ. ಅಲ್ಲಿ ಬೆಳೆದ ಅಲನಿಸ್ ಒಬೊಮ್ಸಾವಿನ್ ಎಂಬವರು ತಮ್ಮ ಜನರ ಬಗ್ಗೆ 2006ರಲ್ಲಿ 'ವಾಬನ್ ಆಕಿ' ಅಂತ ಸಾಕ್ಷ್ಯಚಿತ್ರ ಮಾಡಿದ್ದಾರೆ. ಲಿಂಕ್ ಹಾಕುತ್ತೇನೆ.

ಮೈಸೂರು ದೊಡ್ಡಪ್ಪ, 10:20
ಹಾಕು. ಆದರೆ ನಾಳೆ ಎರಡನೇ ಕಂತು ನೋಡುವುದು ನೋಡುವುದೇ. ಪುಟ್ಟನೂ ನಾನೂ ಪಣ ಕಟ್ಟಿದ್ದೇವೆ, ಕೋಟೆ ನಂಬರ್ ಫೋರ್ ಬರುತ್ತದೆ ಅಂತ ಅವನು, ಬರುವುದಿಲ್ಲ ಅಂತ ನಾನು. ಸೋತವರು ಮಸಾಲೆ ದೋಸೆ ಕೊಡಿಸಬೇಕು.

ಹಾಸನ ಚಿಕ್ಕಪ್ಪ, 10:22
ಅವನ ಹತ್ತಿರ ದುಡ್ಡೆಲ್ಲಿದೆ ಅಣ್ಣ?

ಮೈಸೂರು ದೊಡ್ಡಪ್ಪ, 10:23
ನನ್ನಿಂದಲೇ 100 ರೂಪಾಯಿ ಸಾಲ ತೆಗೆದುಕೊಂಡಿದ್ದಾನೆ.