ಜಪಾನಿನ ಮನೆಯೊಂದರಲ್ಲಿ ಆರು ವಾರ: ಮಗಳನ್ನು ಹೇಗೆ ಸಿದ್ಧಗೊಳಿಸಬೇಕು?

ಸಪ್ತಾಪುರ, ಧಾರವಾಡ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿರುವ ನನ್ನ ಮಗಳು ವಿನಿಮಯ ಕಾರ್ಯಕ್ರಮವೊಂದರ ಮೂಲಕ ಜುಲೈ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಜಪಾನಿನಲ್ಲಿ, ಟೋಕಿಯೊದ ಉತ್ತರಕ್ಕಿರುವ ಸೈತಾಮಾ ಪ್ರಾಂತದ ಕುಟುಂಬವೊಂದರ ಮನೆಯಲ್ಲಿ ಇರಲಿದ್ದಾಳೆ. ಆ ಜನರ ಬದುಕನ್ನು ಮನೆಯೊಳಗಿನಿಂದ ಕಾಣಬೇಕೆಂಬುದು ಅವಳ ಆಸೆ. ಆದರೆ ನಮ್ಮದು ತತ್ತಿಯನ್ನೂ ಮುಟ್ಟದ ಮನೆತನ. ಎರಡು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಡುವುದೆಂದು ನಮ್ಮ ಅತ್ತೆಯವರು ಈಗಾಗಲೇ ನಿಶ್ಚಯಿಸಿದ್ದಾರೆ. ಮಗಳೋ, ರೊಟ್ಟಿ ತಿನ್ನಲು ಜಪಾನಿಗೇಕೆ ಹೋಗಬೇಕು ಎನ್ನುತ್ತಾಳೆ. ಊಟದ ವಿಷಯದಲ್ಲಿ ಏನು ಮಾಡಬೇಕು, ಆ ಮನೆಯವರಿಗೆ ಪೇಡೆ ಒಯ್ದರೆ ಸಾಕೇ, ತಿಳಿದವರು ದಯವಿಟ್ಟು ಹೇಳಿರಿ.

ವಿದ್ಯಾನಗರ, ಹುಬ್ಬಳ್ಳಿ:
ಮೇಡಂ, ನಾನು ಕೆಲವು ವರ್ಷಗಳ ಹಿಂದೆ ಇಂಥದೇ ಮನೆಯೊಂದರಲ್ಲಿ ಎರಡು ತಿಂಗಳು ಇದ್ದೆ. ಊಟಕ್ಕಿಂತ ಮೊದಲು ಸ್ನಾನದ ಬಗ್ಗೆ ಹೇಳುತ್ತೇನೆ, ಏಕೆಂದರೆ ನಾನು ಎಡವಿದ್ದು ಅಲ್ಲಿಯೇ. ಅಲ್ಲಿ ಸ್ನಾನ ರಾತ್ರಿಯದು. ಮೊದಲು ತೊಟ್ಟಿಯ ಹೊರಗೆ ಚಿಕ್ಕ ಮಣೆಯ ಮೇಲೆ ಕುಳಿತು ಸಾಬೂನು ಹಚ್ಚಿ ಮೈ ಪೂರ್ತಿ ತೊಳೆದುಕೊಂಡು, ಆಮೇಲಷ್ಟೇ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ಆ ಒಂದೇ ನೀರಿನಲ್ಲಿ ಮನೆಮಂದಿಯೆಲ್ಲ ಸರದಿಯಂತೆ ಕುಳಿತು ಏಳುತ್ತಾರೆ. ಅತಿಥಿಯೆಂದು ನನ್ನನ್ನು ಮೊದಲು ಕಳಿಸಿದರು. ನಾನು ತೊಟ್ಟಿಯಲ್ಲೇ ಸಾಬೂನು ಹಚ್ಚಿಕೊಂಡು, ಒಳ್ಳೆಯ ಹುಡುಗನಂತೆ ಬಿರಡೆ ತೆಗೆದು ನೀರನ್ನೆಲ್ಲ ಹರಿಯಬಿಟ್ಟು ಬಂದೆ. ಯಾರೂ ಒಂದು ಮಾತೂ ಆಡಲಿಲ್ಲ, ಮತ್ತೆ ನೀರು ತುಂಬಿಸಿದರು. ಆ ಮೌನ ನನಗೆ ಅರ್ಥವಾಗಲು ಒಂದು ವಾರ ಹಿಡಿಯಿತು.

ಊಟದಲ್ಲಿ ನಿಜವಾದ ತೊಡಕೆಂದರೆ ‘ದಾಶಿ’. ಇದು ಅವರ ಸಾರುಗಳ ಮೂಲರಸ. ಸಾಮಾನ್ಯವಾಗಿ ಒಣಗಿಸಿದ ಮೀನಿನ ಹೆರಕಲಿನಿಂದ ಮಾಡುತ್ತಾರೆ. ಬಟ್ಟಲಿನಲ್ಲಿ ಮೀನಿನ ತುಂಡು ಕಾಣದ ಕಾರಣ ಅದನ್ನು ಶಾಕಾಹಾರವೆಂದೇ ಅವರು ಭಾವಿಸುವುದುಂಟು. ಆದ್ದರಿಂದ ‘ಶಾಕಾಹಾರಿ’ ಎಂಬ ಒಂದು ಪದ ಸಾಲದು. ಮಾಂಸ, ಮೀನು, ತತ್ತಿ, ಮೀನಿನ ದಾಶಿ ಬೇಡ, ಕೊಂಬು ಎಂಬ ಕಡಲಪಾಚಿಯ ದಾಶಿ ಅಥವಾ ಒಣ ಅಣಬೆಯ ದಾಶಿ ಆಗುತ್ತದೆ ಎಂದು ಜಪಾನೀ ಭಾಷೆಯಲ್ಲಿ ಬರೆಸಿ ಈಗಲೇ ಆ ಕುಟುಂಬಕ್ಕೆ ಕಳಿಸಿರಿ. ಬೌದ್ಧ ಮಠಗಳ ‘ಶೋಜಿನ್’ ಅಡಿಗೆಯಲ್ಲಿ ಮಾಂಸ, ಮೀನು ಮಾತ್ರವಲ್ಲ, ಉಳ್ಳಾಗಡ್ಡಿ, ಬಳ್ಳೊಳ್ಳಿಯನ್ನೂ ಹಾಕುವುದಿಲ್ಲ. ಹಾಗಾಗಿ ಇಂಥ ನೇಮ ಅವರಿಗೆ ಹೊಸತೇನಲ್ಲ.

ಬೆಟಗೇರಿ, ಗದಗ:
ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ರೊಟ್ಟಿಯ ವಿಷಯದಲ್ಲಿ ನಾನು ಅಜ್ಜಿಯವರ ಪಕ್ಷ. ಕೋಣೆಯಲ್ಲಿ ಒಬ್ಬಳೇ ಕುಳಿತು ತಿನ್ನಲಿಕ್ಕಲ್ಲ, ಒಂದು ಸಂಜೆ ಆ ಮನೆಯವರಿಗೆ ಬಡಿಸಲಿಕ್ಕೆ. ನನ್ನ ಮಗ ಅಲ್ಲಿದ್ದಾಗ ಮೊದಲ ಹದಿನೈದು ದಿನ, ನಮ್ಮಲ್ಲಿ ಬೀಗರು ಬಂದು ಕೂಡ್ರುವಂತೆ ಕುಳಿತಿದ್ದನಂತೆ. ಪಾತ್ರೆ ತೊಳೆಯಲು, ಯಾವ ವಾರ ಯಾವ ಕಸ ಹೊರಗಿಡಬೇಕೆಂದು ನೋಡಿ ಚೀಲ ಕಟ್ಟಲು ಕೈಹಾಕಿದ ಮೇಲೆಯೇ ಮನೆಯ ಅಜ್ಜಿ ಅವನೊಡನೆ ಮಾತಿಗೆ ತೊಡಗಿದರು.

ತಮ್ಮ ಮಗಳು ಅಲ್ಲಿರುವಾಗಲೇ, ಆಗಸ್ಟ್ ಮಧ್ಯದಲ್ಲಿ, ‘ಒಬೋನ್’ ಬರುತ್ತದೆ. ತೀರಿಕೊಂಡ ಹಿರಿಯರು ಮನೆಗೆ ಬಂದು ಹೋಗುವ ದಿನಗಳೆಂದು ಅವರ ನಂಬಿಕೆ. ಕೆಲವು ಮನೆಗಳಲ್ಲಿ ಸೌತೆಕಾಯಿಗೆ ಕಡ್ಡಿಗಳ ಕಾಲು ಚುಚ್ಚಿ ಕುದುರೆಯನ್ನೂ, ಬದನೆಕಾಯಿಗೆ ಚುಚ್ಚಿ ಆಕಳನ್ನೂ ಮಾಡಿಡುತ್ತಾರೆ: ಹಿರಿಯರು ಕುದುರೆ ಏರಿ ಬೇಗ ಬರಲಿ, ಆಕಳ ಮೇಲೆ ನಿಧಾನವಾಗಿ ಹಿಂತಿರುಗಲಿ ಎಂದು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಬಲ್ಲ ಕೈಗೆ ಇದನ್ನು ಕಲಿಸಬೇಕಾಗಿಲ್ಲ.

ಪೇಡೆ ಒಯ್ಯಲಿ, ಆದರೆ ಆ ಸೆಕೆಗೆ ಬಹಳ ದಿನ ತಾಳದು. ಜೊತೆಗೆ ಕಸೂತಿ ಹಾಕಿದ ಚಿಕ್ಕ ವಸ್ತ್ರವಿದ್ದರೆ ಒಳಿತು. ಗವಂತಿ ಹೊಲಿಗೆಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿರುವುದನ್ನು, ‘ಸಶಿಕೊ’ ಹೊಲಿಗೆ ಬಲ್ಲ ಅಲ್ಲಿಯ ಹೆಂಗಸರು ತಿರುಗಿಸಿ ತಿರುಗಿಸಿ ನೋಡುತ್ತಾರೆ. ನಾಲ್ಕರ ಲೆಕ್ಕದಲ್ಲಿ ಏನನ್ನೂ ಕೊಡಬಾರದು. ‘ಶಿ’ ಎಂದರೆ ನಾಲ್ಕೂ ಹೌದು, ಸಾವೂ ಹೌದು.

ವಿದ್ಯಾನಗರ, ಹುಬ್ಬಳ್ಳಿ:
ಒಂದು ಮಾತು ಬಿಟ್ಟುಹೋಗಿತ್ತು. ಮನೆಯಿಂದ ಹೊರಡುವಾಗ ಅವರು ‘ಇತ್ತೆಕಿಮಾಸು’ ಎನ್ನುತ್ತಾರೆ. ಬಿಡಿಸಿದರೆ, ನಮ್ಮ ‘ಹೋಗಿ ಬರುತ್ತೇನೆ’ ಎಂಬುದೇ. ಒಳಗಿದ್ದವರು ಹೇಳುವ ‘ಇತ್ತೆರಷ್ಷಾಯ್’ ನಮ್ಮ ‘ಹೋಗಿ ಬಾ’. ಬರೀ ‘ಹೋಗುತ್ತೇನೆ’ ಎನ್ನಬಾರದೆಂದು ಬೈಸಿಕೊಂಡು ಬೆಳೆದ ನನಗೆ ಇದು ಮೊದಲ ದಿನವೇ ಬಾಯಿಗೆ ಬಂತು.

ಸಪ್ತಾಪುರ, ಧಾರವಾಡ:
ಇಬ್ಬರಿಗೂ ಧನ್ಯವಾದಗಳು. ದಿನಾಲು ರಾತ್ರಿ ಊಟವಾದ ಮೇಲೆ ವಿಡಿಯೊ ಕರೆ ಮಾಡಬೇಕೆಂದಿದ್ದೇವೆ. ಅದರಿಂದ ಆ ಮನೆಯವರಿಗೆ ತೊಂದರೆಯಾದೀತೇ?

ಬೆಟಗೇರಿ, ಗದಗ:
ಆಗುತ್ತದೆ. ಜಪಾನಿನ ಸಮಯ ನಮಗಿಂತ ಮೂರೂವರೆ ತಾಸು ಮುಂದೆ. ತಾವು ಒಂಬತ್ತಕ್ಕೆ ಕರೆ ಮಾಡಿದರೆ ಅಲ್ಲಿ ಹನ್ನೆರಡೂವರೆ. ಸಂಜೆ ಐದರ ಚಹಾದ ಹೊತ್ತಿಗೆ, ವಾರಕ್ಕೆ ಎರಡು ಸಲ ಮಾಡಿರಿ, ದಿನವೂ ಬೇಡ. ಊಟದ ನಂತರ ಅವರೆಲ್ಲ ಸೇರಿ ಕೂಡ್ರುವ ಹೊತ್ತನ್ನು ಅವಳಿಂದ ಕಸಿದುಕೊಂಡಂತಾದೀತು.

ಸಪ್ತಾಪುರ, ಧಾರವಾಡ:
ಅತ್ತೆಯವರೊಡನೆ ಚೌಕಾಸಿ ಮುಗಿಯಿತು: ಒಂದು ಡಬ್ಬಿ ರೊಟ್ಟಿ, ಎರಡೂ ಚಟ್ನಿ. ಕರೆಯ ವಿಷಯದಲ್ಲಿ ಮಾತ್ರ ಅವರು ಇನ್ನೂ ಒಪ್ಪಿಲ್ಲ.