‘ಸೆಕ್ಯುಲರೈಸೇಷನ್’: ಧರ್ಮದ ಹಿಡಿತ ಸಡಿಲುವುದಕ್ಕೆ ಕನ್ನಡದಲ್ಲಿ ಯಾವ ಪದ?

ಗೆಳೆಯರೇ,

ಆಧುನಿಕ ಸಮಾಜದಲ್ಲಿ ಧರ್ಮದ ಪಾತ್ರ ಕುಗ್ಗುತ್ತಿರುವುದನ್ನು ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಮೊದಲ ಪುಟದಲ್ಲೇ ‘ಸೆಕ್ಯುಲರೈಸೇಷನ್’ ಎದುರಾಯಿತು. ಕೆಲಸ ಅಲ್ಲಿಗೇ ನಿಂತಿದೆ. ‘ಸೆಕ್ಯುಲರ್’ ಎಂಬುದಕ್ಕೆ ನಮ್ಮಲ್ಲಿ ಪದಗಳ ಬರವಿಲ್ಲ: ಜಾತ್ಯತೀತ, ಧರ್ಮನಿರಪೇಕ್ಷ, ಮತನಿರಪೇಕ್ಷ, ಲೌಕಿಕ, ಐಹಿಕ. ಇವುಗಳಲ್ಲಿ ಮೊದಲ ಮೂರನ್ನು ನಾವು ಬಳಸುವುದು ಹೆಚ್ಚಾಗಿ ಪ್ರಭುತ್ವದ ನಿಲುವನ್ನು ಹೇಳಲು. ತಲೆಮಾರುಗಳುದ್ದಕ್ಕೂ ಜನರ ಬದುಕಿನಲ್ಲಿ ಸದ್ದಿಲ್ಲದೆ ನಡೆಯುವ ಬದಲಾವಣೆಗೆ ಅವು ಒದಗುವುದಿಲ್ಲ.

ಇಂಗ್ಲೆಂಡನ್ನೇ ನೋಡಿ. ಅಲ್ಲಿ ಇಂದಿಗೂ ಅಧಿಕೃತ ಚರ್ಚ್ ಇದೆ, ದೊರೆಯೇ ಅದರ ಮುಖ್ಯಸ್ಥ, ಸಂಸತ್ತಿನ ಮೇಲ್ಮನೆಯಲ್ಲಿ 26 ಬಿಷಪ್‌ಗಳಿಗೆ ಸ್ಥಾನವಿದೆ. ಪ್ರಭುತ್ವ ಧರ್ಮನಿರಪೇಕ್ಷವಲ್ಲ. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ತಾವು ಕ್ರೈಸ್ತರೆಂದು ಬರೆಸಿದವರು 2001ರಲ್ಲಿ ಶೇ 71.7 ಇದ್ದರೆ 2021ರಲ್ಲಿ ಶೇ 46.2. ಯಾವ ಧರ್ಮವೂ ಇಲ್ಲವೆಂದವರು ಶೇ 14.8ರಿಂದ ಶೇ 37.2ಕ್ಕೆ ಏರಿದ್ದಾರೆ. ಇದನ್ನು ‘ಜಾತ್ಯತೀತೀಕರಣ’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಜಾತಿಯ ಮಾತೇ ಇಲ್ಲಿಲ್ಲ.

‘ಧರ್ಮ’ದ ತೊಡಕು ಇನ್ನೂ ದೊಡ್ಡದು. ಸುಡುವುದು ಬೆಂಕಿಯ ಧರ್ಮ, ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮ, ಹಸಿದವನಿಗೆ ಕೊಟ್ಟದ್ದೂ ಧರ್ಮವೇ. ಹೀಗಿರುವಾಗ ‘ಧರ್ಮದ ಅವನತಿ’ ಎಂದೊಡನೆ ಓದುಗರಿಗೆ ನೀತಿ ಕೆಟ್ಟಿತು ಎಂದೇ ಕೇಳಿಸುತ್ತದೆ. ಪ್ರಾರ್ಥನೆಗೆ ಹೋಗುವುದನ್ನು ಬಿಟ್ಟವರೆಲ್ಲ ಕರುಣೆಯನ್ನೂ ಬಿಟ್ಟರು ಎಂಬ ಧ್ವನಿ, ಮೂಲದಲ್ಲಿ ಇಲ್ಲದ್ದು, ನನ್ನ ಅನುವಾದದಲ್ಲಿ ನುಸುಳುತ್ತದೆ. ಇದು ಆ ಜನರಿಗೆ ಮಾಡುವ ಅನ್ಯಾಯವೆಂದು ನನಗೆ ನಿಜವಾಗಿ ಅನ್ನಿಸುತ್ತದೆ. ‘ಮತ’ ಎನ್ನೋಣವೆಂದರೆ ‘ಮತಗಳ ಕುಸಿತ’ ಚುನಾವಣಾ ಸುದ್ದಿಯಾಗಿಬಿಡುತ್ತದೆ.

ಮೂಲಕ್ಕೆ ಹೋದರೆ ಸ್ವಲ್ಪ ದಾರಿ ಕಾಣುತ್ತದೆ. ಲ್ಯಾಟಿನ್ನಿನ ‘ಸೆಕುಲುಮ್’ ಎಂದರೆ ಕಾಲ, ತಲೆಮಾರು, ಯುಗ; ಚರ್ಚಿನ ಬಳಕೆಯಲ್ಲಿ ಅದಕ್ಕೆ ‘ಈ ಲೋಕ’ ಎಂಬ ಅರ್ಥವೂ ಬಂತು. ಮಧ್ಯಯುಗದ ಯೂರೋಪಿನಲ್ಲಿ ಮಠದ ನಿಯಮಕ್ಕೆ ಒಳಪಡದೆ ಜನರ ನಡುವೆ ಇದ್ದ ಪಾದ್ರಿಗಳೇ ‘ಸೆಕ್ಯುಲರ್’ ಪಾದ್ರಿಗಳು. ಅಂದರೆ ಪದ ಹುಟ್ಟಿದ್ದು ಧರ್ಮದ ವಿರುದ್ಧವಾಗಿ ಅಲ್ಲ. ನಮ್ಮ ‘ಲೌಕಿಕ’ ಇದಕ್ಕೆ ತೀರಾ ಹತ್ತಿರ. ಜರ್ಮನ್ನರಂತೂ ಎರಡು ಪದಗಳನ್ನೇ ಇಟ್ಟುಕೊಂಡಿದ್ದಾರೆ: 1803ರಲ್ಲಿ ಆದಂತೆ ಚರ್ಚಿನ ಆಸ್ತಿ, ಆಡಳಿತ ಅರಸರ ಕೈಸೇರುವುದು ‘ಸೆಕುಲರಿಜಾಟ್ಸಿಯೋನ್’, ಸಮಾಜ ನಿಧಾನವಾಗಿ ಬದಲಾಗುವುದು ‘ಸೆಕುಲರಿಜೀರುಂಗ್’.

ಸಮಾಜಶಾಸ್ತ್ರಜ್ಞ ಹೋಸೆ ಕಸನೋವಾ 1994ರಲ್ಲಿ ಇದನ್ನು ಮತ್ತೂ ಬಿಡಿಸಿದರು. ರಾಜಕೀಯ, ವಿಜ್ಞಾನ, ಮಾರುಕಟ್ಟೆ ಧರ್ಮದಿಂದ ಬೇರೆಯಾಗುವುದು ಒಂದು. ನಂಬಿಕೆ, ಆಚರಣೆ ಇಳಿಯುವುದು ಇನ್ನೊಂದು. ಧರ್ಮ ಖಾಸಗಿ ವಿಷಯವಾಗುವುದು ಮೂರನೆಯದು. ಒಂದು ನಡೆದಲ್ಲಿ ಉಳಿದೆರಡೂ ನಡೆಯಲೇಬೇಕೆಂದಿಲ್ಲ. ಅಮೆರಿಕದಲ್ಲಿ ಸಂವಿಧಾನದ ಮೊದಲ ತಿದ್ದುಪಡಿ 1791ರಷ್ಟು ಹಿಂದೆಯೇ ರಾಷ್ಟ್ರಮಟ್ಟದಲ್ಲಿ ಅಧಿಕೃತ ಧರ್ಮದ ಸ್ಥಾಪನೆಯನ್ನು ತಡೆಯಿತು, ಆದರೂ ಚರ್ಚುಗಳು ಬಹುಕಾಲ ತುಂಬಿಯೇ ಇದ್ದವು. ಮೂರಕ್ಕೂ ಒಂದೇ ಪದ ಹಾಕಿದರೆ ಈ ವ್ಯತ್ಯಾಸವನ್ನು ಕನ್ನಡದಲ್ಲಿ ಹೇಳುವುದಾದರೂ ಹೇಗೆ?

ಸದ್ಯಕ್ಕೆ ಮೊದಲನೆಯದಕ್ಕೆ ‘ಲೌಕಿಕೀಕರಣ’ ಎಂದು ಬರೆದಿದ್ದೇನೆ; ಬಾಯಿಗೆ ಕಷ್ಟ, ಅರ್ಥಕ್ಕೆ ಸರಿ. ಮೂರನೆಯದಕ್ಕೆ ‘ಧರ್ಮದ ಖಾಸಗೀಕರಣ’ ಎಂದರೆ ಕಂಪನಿಗಳ ನೆನಪಾಗುತ್ತದೆ, ಹಾಗಾಗಿ ‘ಧರ್ಮ ವೈಯಕ್ತಿಕವಾಗುವುದು’ ಎಂದು ಬಿಡಿಸಿಯೇ ಬರೆಯುತ್ತೇನೆ. ಎರಡನೆಯದೇ ಕಗ್ಗಂಟು. ‘ಧರ್ಮದ ಹಿಡಿತ ಸಡಿಲುವುದು’ ಎಂಬುದು ವಾಕ್ಯದಲ್ಲಿ ಚೆನ್ನಾಗಿ ಕೂರುತ್ತದೆ, ಪಾರಿಭಾಷಿಕ ಪದವಾಗಿ ಉದ್ದವಾಯಿತು. ‘ಶ್ರದ್ಧಾಕ್ಷಯ’ ರೋಗದ ಹೆಸರಿನಂತಿದೆ. ‘ಮತಸಡಿಲಿಕೆ’ ಎಂದು ಬರೆದರೆ ಅರ್ಥವಾದೀತೇ? ಅಥವಾ ಇದಕ್ಕಿಂತ ಹಗುರವಾದ, ಈಗಾಗಲೇ ಬಳಕೆಯಲ್ಲಿರುವ ಪದ ನಿಮ್ಮ ಕಣ್ಣಿಗೆ ಬಿದ್ದಿದೆಯೇ? ಬಿದ್ದಿದ್ದರೆ ಅದು ಬಂದ ವಾಕ್ಯದ ಸಮೇತ ತಿಳಿಸಿ.