ಬಿಲ್ಲಿನಲ್ಲಿ ಎಂಆರ್‌ಪಿ ಪಕ್ಕ ಆಸ್ಪತ್ರೆಯ ಖರೀದಿ ಬೆಲೆಯೂ ಇರಲಿ, ಏನಂತೀರಿ?

ತಿಪಟೂರು ತೆಂಗು: ಆಪರೇಷನ್ ಬಿಲ್ ನೋಡಿದ್ದೀರಾ? ಸಿರಿಂಜ್, ಗ್ಲೌಸ್, ಕ್ಯಾನುಲಾ ಅಂತ ಪುಟಗಟ್ಟಲೆ. ಎಲ್ಲಕ್ಕೂ ಎಂಆರ್‌ಪಿ. ಆಸ್ಪತ್ರೆ ಅದನ್ನು ಎಷ್ಟಕ್ಕೆ ಕೊಂಡಿತು ಅನ್ನುವುದೂ ಪಕ್ಕದಲ್ಲೇ ಪ್ರಿಂಟ್ ಆಗಲಿ. ಔಷಧಗಳ ಬೆಲೆ ನಿಗದಿ ಮಾಡುವ ಎನ್‌ಪಿಪಿಎ 2018ರ ಫೆಬ್ರವರಿಯಲ್ಲಿ ದೆಹಲಿ ಸುತ್ತಮುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ ಜಾಲಾಡಿತ್ತು. ಡ್ರಿಪ್ ಲೈನಿಗೆ ಸಿಕ್ಕಿಸುವ ತ್ರೀ ವೇ ಸ್ಟಾಪ್‌ಕಾಕ್ ಕೊಂಡಿದ್ದು 5.77 ರೂಪಾಯಿಗೆ, ರೋಗಿಗೆ ಹಾಕಿದ್ದು 106 ರೂಪಾಯಿ. 18 ಪಟ್ಟು ಲಾಭ ಸ್ವಾಮಿ!

ಗಣಿತ ಮೇಷ್ಟ್ರು: 18 ಪಟ್ಟು ಬೆಲೆ. ಲಾಭ 17 ಪಟ್ಟು. ಎನ್‌ಪಿಪಿಎ ವರದಿಯಲ್ಲೇ 1,737 ಪರ್ಸೆಂಟ್ ಅಂತಿದೆ.

ನೈಟ್ ಡ್ಯೂಟಿ ಡಾಕ್ಟರ್: ಇಬ್ಬರದ್ದೂ ತಪ್ಪು. ಅದು ಲಾಭವೇ ಅಲ್ಲ, ಮಾರ್ಜಿನ್. ಸ್ಟೋರ್ ಸಿಬ್ಬಂದಿಯ ಸಂಬಳ, ಎಕ್ಸ್‌ಪೈರಿ ಆದ ಮಾಲು, ನಡುರಾತ್ರಿ ಅದನ್ನು ಹಾಕುವ ನರ್ಸ್, ಇನ್ಶೂರೆನ್ಸ್‌ನವರು ಉಳಿಸಿಕೊಳ್ಳುವ ಬಾಕಿ, ಎಲ್ಲ ಅದರಲ್ಲೇ ಹುಟ್ಟಬೇಕು.

ತಿಪಟೂರು ತೆಂಗು: ನರ್ಸ್? ಬಿಲ್ಲಿನಲ್ಲಿ ನರ್ಸಿಂಗ್ ಚಾರ್ಜ್ ಅಂತ ಬೇರೆ ಸಾಲೇ ಇರುತ್ತದಲ್ಲ ಡಾಕ್ಟ್ರೇ. ಒಂದೇ ಕೆಲಸಕ್ಕೆ ಎರಡು ಸಲ ವಸೂಲಿ, ಮೇಲೆ 18 ಪಟ್ಟು ಲಾಭ.

ಗಣಿತ ಮೇಷ್ಟ್ರು: 17. 106ರಲ್ಲಿ 5.77 ಕಳೆಯಿರಿ, 100.23. ಅದನ್ನು 5.77ರಿಂದ ಭಾಗಿಸಿ. 17.37. ಏಳನೇ ಕ್ಲಾಸಿನ ಲೆಕ್ಕ.

ತಿಪಟೂರು ತೆಂಗು: ಜನ ಲೂಟಿಯಾಗ್ತಾ ಇದ್ದಾರೆ, ನೀವು ಏಳನೇ ಕ್ಲಾಸ್ ಪಾಠ ಮಾಡ್ತಾ ಇದ್ದೀರಿ. ಯಾರ ಕಡೆಯವರು ಸಾರ್ ನೀವು?

ಗಣಿತ ಮೇಷ್ಟ್ರು: ಲೆಕ್ಕದ ಕಡೆಯವನು. ಅಂಕಿ ತಪ್ಪು ಹೇಳಿದರೆ ಆಸ್ಪತ್ರೆಯವರು ಮೊದಲು ಅದನ್ನೇ ಹಿಡಿದು ಎಳೀತಾರೆ.

ಕರಾವಳಿ ಕಾಗೆ: ಈಗ ಎಳೀತಾ ಇರೋದು ನೀವೇ ಮಾರಾಯ್ರೇ 😂

ಸಪ್ಲೈ ಲೈನ್: ನಾನು ಇದೇ ಧಂದೆಯಲ್ಲಿದ್ದೇನೆ. 17 ಆಗಲಿ 18 ಆಗಲಿ, ಆ 106 ರೂಪಾಯಿ ಪ್ಯಾಕೆಟ್ ಮೇಲೆ ಬಂದದ್ದು ಹೇಗೆ ಅಂತ ಯಾರೂ ಕೇಳಲಿಲ್ಲ. ದೊಡ್ಡ ಆರ್ಡರ್ ಬೇಕು ಅಂದರೆ ಕಂಪನಿ ಎಂಆರ್‌ಪಿ ಏರಿಸಿ ಪ್ರಿಂಟ್ ಮಾಡಬೇಕು. ಇದನ್ನೂ ಅದೇ ವರದಿ ಹೇಳಿದೆ. ಇನ್ನು ಖರೀದಿ ಬೆಲೆ ಹಾಕಿಸುತ್ತೀರಿ, ಸರಿ. ಯಾವ ಬೆಲೆ? ಇನ್‌ವಾಯ್ಸ್‌ನಲ್ಲಿ ಒಂದು ರೇಟು. ಹತ್ತು ಬಾಕ್ಸಿಗೆ ಎರಡು ಫ್ರೀ. ವರ್ಷದ ಕೊನೆಗೆ ಟರ್ನೋವರ್ ಮೇಲೆ ಕ್ರೆಡಿಟ್ ನೋಟ್, ಅಂದರೆ ಒಂದಿಷ್ಟು ದುಡ್ಡು ಲೆಕ್ಕದಲ್ಲಿ ವಾಪಸ್. ಇದೆಲ್ಲ ಕಳೆದರೆ ನಿಜವಾದ ಬೆಲೆ ಬೇರೆಯೇ. ಬಿಲ್ಲಿನಲ್ಲಿ ಬರೋದು ಇನ್‌ವಾಯ್ಸ್ ರೇಟು.

ನೈಟ್ ಡ್ಯೂಟಿ ಡಾಕ್ಟರ್: ಫ್ರೀ ಕೊಡೋದು ಯಾವ ವ್ಯಾಪಾರದಲ್ಲಿಲ್ಲ? ಕಿರಾಣಿ ಅಂಗಡಿಗೂ ಕಂಪನಿ ಕೊಡುತ್ತದೆ. ಅಲ್ಲಿ ಹೋಗಿ ಖರೀದಿ ಬೆಲೆ ಕೇಳಿ ನೋಡೋಣ.

ತಿಪಟೂರು ತೆಂಗು: ಕಿರಾಣಿ ಅಂಗಡಿ ಬಿಟ್ಟು ಪಕ್ಕದ ಅಂಗಡಿಗೆ ಹೋಗಬಹುದು. ಐಸಿಯುನಲ್ಲಿ ಮಲಗಿದವನು ಎಲ್ಲಿಗೆ ಹೋಗಬೇಕು? ಒಳಗಿನ ಫಾರ್ಮಸಿಯಲ್ಲೇ ತಗೋಬೇಕು ಅಂತೀರಿ.

ನೈಟ್ ಡ್ಯೂಟಿ ಡಾಕ್ಟರ್: ಆ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. 2025ರ ಮಾರ್ಚಿನಲ್ಲಿ ಕೋರ್ಟ್ ಯಾವ ನಿರ್ಬಂಧವನ್ನೂ ಹಾಕಲಿಲ್ಲ. ಮುಗೀತು.

ಬಯಲುಸೀಮೆ: ಅರ್ಧ ಹೇಳಬೇಡಿ. ರಾಜ್ಯ ಸರ್ಕಾರಗಳೇ ನೀತಿ ಮಾಡಲಿ ಅಂತಲೂ ಹೇಳಿತು. ತಮಿಳುನಾಡಿನ ಸರ್ಕಾರಿ ಔಷಧ ಖರೀದಿ ನಿಗಮ ಟಿಎನ್‌ಎಂಎಸ್‌ಸಿ ನೋಡಿ, 1995ರಿಂದ ಸರ್ಕಾರಿ ಆಸ್ಪತ್ರೆಗಳಿಗೆ ಒಟ್ಟಿಗೆ ಟೆಂಡರ್ ಕರೆದು ಕೊಳ್ಳುತ್ತಿದೆ. ರಾಜಸ್ಥಾನದ ನಿಗಮ ರೇಟುಗಳನ್ನು ವೆಬ್‌ಸೈಟಿನಲ್ಲೇ ಹಾಕುತ್ತದೆ. ಖಾಸಗಿಯವರ ರೇಟನ್ನು ಅದರ ಪಕ್ಕ ಇಟ್ಟು ನೋಡಿದರೆ ಸಾಕು.

ಕರಾವಳಿ ಕಾಗೆ: ಎಲ್ಲದಕ್ಕೂ ತಮಿಳುನಾಡು ಯಾಕೆ? ನಮ್ಮಲ್ಲೂ ಸರ್ಕಾರಿ ಖರೀದಿ ಪಾರದರ್ಶಕವಾಗಿರಬೇಕು ಅನ್ನುವ 1999ರ ಕೆಟಿಪಿಪಿ ಕಾಯ್ದೆ ಇದೆ. ಟೆಂಡರ್ ಓಪನ್, ರೇಟ್ ಓಪನ್. ಆದರೂ 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ಅನುಮಾನ ಬಂದದ್ದು ಸರ್ಕಾರಿ ನಿಗಮ ಕೊಂಡ ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ ದ್ರಾವಣದ ಮೇಲೆಯೇ. ಬರೀ ರೇಟು ನೋಡಿದರೆ ಹೀಗೇ.

ಬಯಲುಸೀಮೆ: ಅದು ಗುಣಮಟ್ಟ ಪರೀಕ್ಷೆಯ ಪ್ರಶ್ನೆ. ಬೆಲೆ ಮುಚ್ಚಿಟ್ಟರೆ ಡ್ರಿಪ್ ಶುದ್ಧ ಆಗುತ್ತಾ? ಸತ್ತವರನ್ನು ಎಳೆತಂದು ವಾದ ಗೆಲ್ಲಬೇಡಿ.

ಕರಾವಳಿ ಕಾಗೆ: ಎಳೆತಂದದ್ದಲ್ಲ, ನೆನಪಿಸಿದ್ದು. ಬೇಸರ ಆದರೆ ನಿಮ್ಮಿಷ್ಟ.

ತಿಪಟೂರು ತೆಂಗು: ಬಳ್ಳಾರಿ ಬಿಡಿ. ಹೃದಯದ ರಕ್ತನಾಳ ತೆರೆದಿಡೋಕೆ ಹಾಕುವ ಸ್ಟೆಂಟ್ ನೋಡಿ. 2017ರ ಫೆಬ್ರವರಿಯಲ್ಲಿ ಔಷಧ ಲೇಪಿತ ಸ್ಟೆಂಟಿಗೆ 29,600, ಬರೀ ಲೋಹದ್ದಕ್ಕೆ 7,260 ಅಂತ ಮಿತಿ ಹಾಕಿದರು. ಲಕ್ಷ ದಾಟುತ್ತಿದ್ದ ಮಾಲು ಅದು. ಯಾವ ಆಸ್ಪತ್ರೆ ಬಾಗಿಲು ಹಾಕಿತು?

ನೈಟ್ ಡ್ಯೂಟಿ ಡಾಕ್ಟರ್: ಕೆಲವು ಕಂಪನಿಗಳು ಹೊಸ ಸ್ಟೆಂಟ್ ವಾಪಸ್ ತಗೋತೀವಿ ಅಂತ ಅರ್ಜಿ ಹಾಕಿದ್ದನ್ನು ಮರೆತಿರಿ. ಅಲ್ಲದೆ ಅದು ಬೆಲೆ ಮಿತಿ. ನೀವು ಕೇಳ್ತಿರೋದು ಬೆಲೆ ಪ್ರಕಟಣೆ. ಎರಡನ್ನೂ ಕಲಸಬೇಡಿ.

ಗಣಿತ ಮೇಷ್ಟ್ರು: ಇದು ಡಾಕ್ಟ್ರು ಹೇಳಿದ್ದು ಸರಿ.

ತಿಪಟೂರು ತೆಂಗು: ನೀವು 17 ಅಂತ ಅಂದಾಗಲೇ ಗೊತ್ತಾಯ್ತು.

ಗಣಿತ ಮೇಷ್ಟ್ರು: 17.37.

ಬಯಲುಸೀಮೆ: ಅಯ್ಯೋ ಇಬ್ಬರೂ ಸುಮ್ನಿರಿ. ಸಪ್ಲೈ ಲೈನ್ ಅವರೇ, ಆ ಕ್ರೆಡಿಟ್ ನೋಟ್ ವಿಷಯಕ್ಕೆ ಬನ್ನಿ. ಫ್ರೀ ಮಾಲು, ಕ್ರೆಡಿಟ್ ನೋಟ್ ಎಲ್ಲ ಕಳೆದ ನಿವ್ವಳ ಬೆಲೆಯನ್ನೇ ತೋರಿಸಬೇಕು ಅಂತ ನಿಯಮ ಮಾಡಬಹುದಲ್ಲ?

ಸಪ್ಲೈ ಲೈನ್: ಕ್ರೆಡಿಟ್ ನೋಟ್ ಬರೋದು ಮಾರ್ಚಿಗೆ. ರೋಗಿ ಬಿಲ್ ಕಟ್ಟಿ ಮನೆಗೆ ಹೋಗಿರೋದು ಜೂನಿನಲ್ಲಿ. ಹೇಗೆ ಕಳೀತೀರಿ?

ತಿಪಟೂರು ತೆಂಗು: ಕಳ್ಳರನ್ನು ಕಾಪಾಡೋಕೆ ಎಷ್ಟು ಕಾರಣ! ಧೈರ್ಯ ಇದ್ದರೆ ಯಾವ ಆಸ್ಪತ್ರೆ ಎಂಆರ್‌ಪಿ ಏರಿಸು ಅಂತ ಕೇಳಿತು, ಹೆಸರು ಹಾಕಿ.

ಸಪ್ಲೈ ಲೈನ್: ಹಾಕ್ತೀನಿ. ನಾಡಿದ್ದಿನಿಂದ ನನ್ನ ಗೋಡೌನಿನ ಮಾಲು ನೀವು ತಗೋತೀರಾ?